ನಮ್ಮಪ್ಪನ ಕಾಗದವನ್ನು ಯಾರ ಕೈಗೆ ಕೊಡಲಿ?

ಕೊನೆಗಾಲದ ಇಚ್ಛಾಪತ್ರಗಳನ್ನು ಕಾಪಾಡಬೇಕಾದ ಮಾನ್ಯ ಅಧಿಕಾರಿಗಳೇ,

ನೀವು ಯಾರೆಂದು ನನಗೆ ಗೊತ್ತಿಲ್ಲ. ತಪ್ಪು ತಿಳಿಯಬೇಡಿ, ನಿಮ್ಮ ಕಚೇರಿಯಲ್ಲಿ ವಿಚಾರಿಸಿದ ಮೇಲೆ ನಿಮಗೂ ಇನ್ನೂ ಗೊತ್ತಾಗಿಲ್ಲವೇನೋ ಎಂಬ ಅನುಮಾನ ನನ್ನದು. ವಾಸಿಯಾಗದ ಕಾಯಿಲೆಯ ಕೊನೆಯಲ್ಲಿ ಯಾವ ಚಿಕಿತ್ಸೆ ಬೇಡವೆಂದು ಒಬ್ಬರು ಮೊದಲೇ ಬರೆದಿಟ್ಟರೆ, ಅದರ ಪ್ರತಿಯನ್ನು ಜೋಪಾನ ಮಾಡಲು ಸ್ಥಳೀಯ ಸಂಸ್ಥೆಯಲ್ಲಿ ಒಬ್ಬರು ಇರಬೇಕೆಂಬ ನಿಯಮವಿದೆ. ಆ ಒಬ್ಬರನ್ನು ಹುಡುಕಿಕೊಂಡು ಮೂರು ಸಲ ಬಂದೆ. ಮೂರು ಸಲವೂ ನಾಳೆ ಬನ್ನಿ ಎನ್ನುವವರು ಸಿಕ್ಕರು, ಇಲ್ಲಿ ಕೊಡಿ ಎನ್ನುವವರು ಸಿಗಲಿಲ್ಲ.

ನಮ್ಮಪ್ಪ ಆರುಮುಗಂ ಉರಿಗಾಂನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಯವರು. ಚಿನ್ನದ ಗಣಿಯಲ್ಲಿ ವರ್ಷಗಟ್ಟಲೆ ಬಂಡೆ ಕೊರೆದವರು. ಚಿನ್ನ ಯಾರ್ಯಾರ ಮನೆಗೋ ಹೋಯಿತು. ದೂಳು ಮಾತ್ರ ನಿಯತ್ತಾಗಿ ಅಪ್ಪನ ಎದೆಯಲ್ಲೇ ಉಳಿಯಿತು. ಹೋದ ದೀಪಾವಳಿಯ ಹೊತ್ತಿಗೆ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಗಂಟಲಿಗೆ ಕೊಳವೆ ಹಾಕಲು ಸಹಿ ಮಾಡಿದವಳು ನಾನೇ. ಅದನ್ನು ಕಿತ್ತುಕೊಳ್ಳದಂತೆ ಒಂಬತ್ತು ದಿನ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಬದುಕಿ ಮನೆಗೆ ಬಂದವರು ಮೊದಲು ಹೇಳಿದ್ದು, "ಇನ್ನೊಂದ್ಸಲ ನನ್ ಕೈ ಕಟ್ಟಿಸ್ಬ್ಯಾಡಮ್ಮ." ಉಳಿಸಿದ್ದಕ್ಕೆ ಇದಾ ಬಹುಮಾನ ಎಂದು ಸಿಟ್ಟಾಗಿ ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಎಣ್ಣೆ ಹಚ್ಚುವಾಗ ನೋಡಿದರೆ, ಮಣಿಕಟ್ಟಿನ ಮೇಲೆ ಪಟ್ಟಿಯ ಗುರುತು ಹಾಗೇ ಇತ್ತು. ನನಗೆ ಅಳು ತಡೆಯಲಾಗಲಿಲ್ಲ.

ಬಂಗಾರಪೇಟೆಯಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಅಂಗಡಿ ನನ್ನದು. ಅಪ್ಪನ ಕಾಗದವನ್ನೂ ನಾನೇ ಟೈಪ್ ಮಾಡಿದೆ: ಆಕ್ಸಿಜನ್ ಇರಲಿ, ನೋವಿಗೆ ಔಷಧಿ ಇರಲಿ, ಕೊಳವೆ ಬೇಡ, ಮನೆಯಲ್ಲೇ ಇರುತ್ತೇನೆ. ಇಬ್ಬರು ಸಾಕ್ಷಿಗಳು, ನೋಟರಿ ಮುದ್ರೆ, ಎಲ್ಲವೂ ಕ್ರಮವಾಗಿದೆ. ಅಪ್ಪನನ್ನು ನೋಡುವ ಡಾಕ್ಟರು ಒಳ್ಳೆಯವರು. "ನಿಮ್ಮ ತಂದೆಯ ಇಷ್ಟ ನನಗರ್ಥ ಆಗುತ್ತಮ್ಮ. ಆದ್ರೆ ಈ ಕಾಗದ ನಿಜ ಅಂತ ಕಚೇರಿ ಹೇಳದಿದ್ರೆ, ಮುಂದಿನ ಸಲಾನೂ ಕೊಳವೆ ಹಾಕಲೇಬೇಕಾಗುತ್ತೆ" ಎಂದರು. ಆ ಮುಂದಿನ ಸಲ ಈ ತಿಂಗಳೇ ಇರಬಹುದು ಎಂದೂ ಹೇಳಿದರು.

ಅದಕ್ಕೇ ಮೂರನೆಯ ಸಲ ಅಪ್ಪನನ್ನೇ ಆಟೋದಲ್ಲಿ ಕರೆತಂದೆ. ನಿಮ್ಮ ಗುಮಾಸ್ತರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾವಿನ ವಿಷಯ ಅಲ್ವಾ? ಜನನ-ಮರಣ ಶಾಖೆಗೆ ಬರುತ್ತೆ. ಮರಣ ಪ್ರಮಾಣಪತ್ರ ಲಗತ್ತಿಸಿ" ಎಂದರು. ಅಪ್ಪ ಎರಡು ಸಲ ಉಸಿರೆಳೆದುಕೊಂಡು ಹೇಳಿದರು, "ಅದು ಸಿಕ್ಕಿದ್ಮ್ಯಾಕೆ ನಾನು ನಿಮ್ ತಾವ ಬರಕ್ಕಾಗಲ್ವಲ್ಲ ಸಾರ್!" ಇಡೀ ಕಚೇರಿ ನಕ್ಕಿತು. ಗುಮಾಸ್ತರೂ ನಕ್ಕು ಅಪ್ಪನಿಗೆ ಟೀ ತರಿಸಿ, ನಾಳೆ ಬನ್ನಿ ಎಂದು ಕಾಗದ ವಾಪಸ್ ಕೊಟ್ಟರು. ಟೀ ಬಗ್ಗೆ ನನ್ನ ದೂರಿಲ್ಲ, ಚೆನ್ನಾಗಿತ್ತು. ಆದರೆ ಸತ್ತವರಿಗೆ ವೆಂಟಿಲೇಟರ್ ಹಾಕಬೇಡಿ ಎಂದು ಬರೆಸಿಕೊಳ್ಳುವ ಪದ್ಧತಿ ಬೇರೆ ಎಲ್ಲಾದರೂ ಇದೆಯೇ, ಮಾನ್ಯರೇ?

ಗಣಿ ಮುಚ್ಚುವ ಮುಂಚಿನ ಕೆಲವು ವರ್ಷ ಅಪ್ಪನದು ಪಾತಾಳದಲ್ಲಿ ಗಂಟೆ ಕೊಡುವ ಕೆಲಸ. ಪಾಳಿ ಮುಗಿದವರನ್ನು ಮೇಲಕ್ಕೆ ಒಯ್ಯುವ ಕೇಜಿಗೆ ಹತ್ತಿಸಿ, ಬಾಗಿಲು ಹಾಕಿ, ಅದನ್ನು ಯಂತ್ರದಿಂದ ಎತ್ತುವ ಮೇಲಿನ ಡ್ರೈವರಿಗೆ ಗಂಟೆ ಕೊಡಬೇಕು. ವಾಪಸ್ ಬರುವಾಗ ಆಟೋದಲ್ಲಿ ಅದನ್ನೇ ನೆನೆಸಿಕೊಂಡರು. "ಮೇಲಿದ್ದೋನ ಮುಖ ನಾನು ಒಂದಿನಾನೂ ನೋಡಿರ್ಲಿಲ್ಲ ಕಣಮ್ಮ. ಆದ್ರೂ ಗಂಟೆ ಕೊಟ್ರೆ ಎತ್ತೋನು. ಇವ್ರು ಎದುರ್ಗೇ ಕುಂತವ್ರೆ, ಕೇಳಿಸ್ತಾ ಇಲ್ವಲ್ಲ."

ನನ್ನ ಬೇಡಿಕೆ ದೊಡ್ಡದೇನಲ್ಲ. ಈ ವಾರದೊಳಗೆ ಒಬ್ಬರನ್ನು ನೇಮಿಸಿ, ಮೇಜಿನ ಮೇಲೆ ಅವರ ಹೆಸರಿಡಿ, ಅಪ್ಪನ ಪ್ರತಿಗೆ ಸ್ವೀಕೃತಿ ಮುದ್ರೆ ಒತ್ತಿ ಡಾಕ್ಟರಿಗೆ ತಿಳಿಸಿ. ಅಪ್ಪ ತಮ್ಮ ಗಂಟೆ ಕೊಟ್ಟಾಗಿದೆ. ಮೇಲೆ ಯಾರಾದರೂ ಇದ್ದೀರಾ?

ಇಂತಿ,
ಊರಿನವರ ಅರ್ಜಿಗಳಿಗೆಲ್ಲ ವಿಳಾಸ ಬರೆದುಕೊಟ್ಟು, ಹೆತ್ತಪ್ಪನ ಕಾಗದಕ್ಕೆ ವಿಳಾಸ ಸಿಗದೆ ಕೂತಿರುವ
ಶ್ಯಾಮಲಾ ಆರುಮುಗಂ
ಬಂಗಾರಪೇಟೆ