ಜಗಲಿಯ ಮೇಲೆ ಎಡಗೈ

ನವೆಂಬರ್ 18, ಸೋಮವಾರ. ಬೆಳಿಗ್ಗೆ

ಮಸಾಜ್ ಆಯಿತು. ತೋಟದ ಕೊಬ್ಬರಿ ಎಣ್ಣೆ ಹಚ್ಚಿ, ಎಡಗೈಯ ಸುಟ್ಟ ಜಾಗವನ್ನು ಇವರು ಹೆಬ್ಬೆರಳಿನಿಂದ ಉಜ್ಜುತ್ತಾರೆ. ಆಮೇಲೆ ಒಂದೊಂದೇ ಬೆರಳು ಹಿಡಿದು ಹಿಂದಕ್ಕೆ ಎಳೆಯುವುದು. ಭಯ ಅದಕ್ಕೇ. ತೊಡೆಯಿಂದ ತೆಗೆದು ಅಂಟಿಸಿದ ಚರ್ಮ — ಹಿಗ್ಗುವುದೇ ಇಲ್ಲ. ಇವತ್ತೂ ಕಿರುಚಿದೆ. ಇವರು ಎದ್ದು ಬಾಗಿಲು ಹಾಕಿದರು. ಟಿವಿ ಸದ್ದು ಜೋರು ಮಾಡಿದರು.

"ಸ್ವಲ್ಪ ತಡ್ಕೊಳೇ ಭಾನು."

ಇವರ ಕಣ್ಣಲ್ಲೂ ನೀರು.

ನವೆಂಬರ್ 21, ಗುರುವಾರ

ತಿಪಟೂರಿನ ಆಸ್ಪತ್ರೆಗೆ ಹೋಗಿದ್ದೆವು. ಕೈ ಮತ್ತೆ ದಿನದ ಕೆಲಸಕ್ಕೆ ಬರುವಂತೆ ಆಕ್ಯುಪೇಷನಲ್ ಥೆರಪಿ ಮಾಡಿಸುವ ಯೋಗಿತಾ ಮೇಡಂ ಕೇಳಿದರು — ಈ ಕೈಯಲ್ಲಿ ಮೊದಲು ಏನು ಮಾಡಬೇಕು ಅಂತ ಆಸೆ? ಸೀರೆ ನೆರಿಗೆ ಹಿಡಿಯಬೇಕು ಅಂದೆ. ಇನ್ನೊಬ್ಬರು ಉಡಿಸಿದ್ದು ಸಾಕಾಗಿದೆ.

"ಹಾಗಾದ್ರೆ ದಿನಾ ಎಳೀಬೇಕು. ಬಿಟ್ರೆ ಬೆರಳು ಒಳಕ್ಕೆ ಮಡಚ್ಕೊಂಡ್ಬಿಡುತ್ತೆ. ಮತ್ತೆ ಆಪರೇಷನ್."

ನವೆಂಬರ್ 26, ಮಂಗಳವಾರ

ಇವರು ಇವತ್ತೂ ಬೆರಳು ಮುಟ್ಟಲಿಲ್ಲ. ನಿನ್ನೆಯೂ ಇಲ್ಲ. ಮತ್ತೆ ಮತ್ತೆ ಕೇಳಿದೆ. ಕೊನೆಗೆ ಹೇಳಿದರು. ಟೀ ಅಂಗಡಿಯಲ್ಲಿ ಯಾರೋ ಅಂದರಂತೆ — "ಸುಟ್ಟಿದ್ದು ಸಾಲ್ದು ಅಂತ ಈಗ ಟಿವಿ ಹಾಕ್ಕೊಂಡು ಹೊಡೀತಾನೆ ಕಣ್ಲಾ."

ಸೆಪ್ಟೆಂಬರ್‌ನಲ್ಲಿ ಗ್ಯಾಸ್ ಒಲೆಯಿಂದ ನೈಟಿ ತೋಳಿಗೆ ಬೆಂಕಿ ಹತ್ತಿದಾಗ ಓಡಿಬಂದು ಕಂಬಳಿ ಸುತ್ತಿದವರು ಇವರು. ಇವರ ಅಂಗೈಯಲ್ಲೂ ಬೊಬ್ಬೆ ಎದ್ದಿತ್ತು. ಆಸ್ಪತ್ರೆಯಲ್ಲಿ ಪೊಲೀಸರು ಇವರನ್ನು ಆಚೆ ಕಳಿಸಿ ನನ್ನೊಬ್ಬಳನ್ನೇ ಕೇಳಿದರು — ಗಂಡ ಏನಾದ್ರೂ...? ಇಲ್ಲ ಅಂದೆ. ಅವರು ನಂಬಿದರು. ನಮ್ಮೂರು ಹೊನ್ನವಳ್ಳಿ ನಂಬಲಿಲ್ಲ.

ಡಿಸೆಂಬರ್ 12, ಗುರುವಾರ

ಬರೆಯಲು ಮನಸ್ಸಿರಲಿಲ್ಲ.

ನಾನೇ ಬಲಗೈಯಲ್ಲಿ ಎಳೆದುಕೊಳ್ಳುತ್ತಿದ್ದೆ. ನೋವು ಶುರುವಾದ ಕೂಡಲೇ ಕೈ ತಾನೇ ಬಿಟ್ಟುಬಿಡುತ್ತದೆ. ಕಿರುಬೆರಳು, ಉಂಗುರದ ಬೆರಳು ಬಾಗಿವೆ. ಯೋಗಿತಾ ಮೇಡಂ ಬೈಯಲಿಲ್ಲ. ಅದೇ ಬೇಜಾರಾಯಿತು. "ಮನೇಲಿ ಎಳೆಯೋರು ಯಾರು?" ಅಂದರು. ಇವರು ನೆಲ ನೋಡಿದರು.

ಬಸ್ಸಿನಲ್ಲಿ ಅದೇ ಯೋಚನೆ. ಕಿರುಚದೆ ಇರುವುದು ನನ್ನಿಂದಾಗದು. ಬಾಗಿಲು ಹಾಕಿದ್ದರಿಂದಲೇ ಅಲ್ಲವೇ ಇಷ್ಟೆಲ್ಲ...

ಡಿಸೆಂಬರ್ 14, ಶನಿವಾರ

ಬೆಳಿಗ್ಗೆ ಜಗಲಿಯ ಮೇಲೆ ಚಾಪೆ ಹಾಸಿದೆ.

"ಇಲ್ಲೇ ಎಳೀರಿ."

"ಹುಚ್ಚೇನೇ? ಊರೆಲ್ಲ ನೋಡುತ್ತೆ."

"ನೋಡ್ಲಿ ಅಂತಲೇ."

ಕೂತರು. ಎಣ್ಣೆ ಹಚ್ಚಿ, ಕಿರುಬೆರಳು ಹಿಡಿದು ಎಳೆದರು.

ಕಿರುಚಿದೆ. ಎದುರುಮನೆ ಚಿಕ್ಕಗೌರಮ್ಮ ಪೊರಕೆ ಹಿಡಿದೇ ಓಡಿಬಂದರು. "ಬುಡೋ ದಯಾನಂದ! ಏನ್ಲಾ ಮಾಡ್ತಿದ್ದೀಯ ಅವಳ್ಗೆ?"

ಇವರು ಬಿಟ್ಟೇಬಿಟ್ಟರು. ನಾನು ಕೈಯನ್ನು ಮತ್ತೆ ಇವರ ಮಡಿಲಲ್ಲಿಟ್ಟೆ. "ಬಿಡ್ಬೇಡಿ. ಗೌರಮ್ಮಕ್ಕ, ಬನ್ನಿ, ಕೂತ್ಕೊಂಡು ನೋಡಿ. ಬೆರಳು ನೆಟ್ಟಗಾಗೋಕೆ ಆಸ್ಪತ್ರೇಲಿ ಹೇಳಿರೋದು ಇದು."

ಕೂತರು. ನಡುವೆ ಕಣ್ಣು ಮುಚ್ಚಿಕೊಂಡರು. ಎದ್ದು ಹೋಗಲಿಲ್ಲ.

ಡಿಸೆಂಬರ್ 22, ಭಾನುವಾರ. ಸಂಜೆ

ಗೌರಮ್ಮಕ್ಕ ನೆನೆಸಿದ ಅವರೆಕಾಳು ತಂದಿದ್ದರು. ಹಿದುಕಿದರೆ ಬೆರಳಿಗೆ ಒಳ್ಳೆಯದು ಅಂತ ಮೇಡಂ ಹೇಳಿದ್ದನ್ನು ನಾನೇ ತಿಳಿಸಿದ್ದೆ. ಮೊದಲಿಗೆ ಸಿಪ್ಪೆ ಬಿಡಲೇ ಇಲ್ಲ. ಆಮೇಲೆ ಒಂದು ಕಾಳು ಚಿಮ್ಮಿ ಅವರ ಕೆನ್ನೆಗೇ ಹೊಡೆಯಿತು. ನಗು.

ನಗುತ್ತಲೇ ಅಂದರು, "ನಾನೂ ಏನೇನೋ ಅಂದಿದ್ದೆ ಕಣಪ್ಪ ದಯಾನಂದ, ಎಲ್ಲರ ಜೊತೆ. ಮನಸ್ಸಿಗೆ ಹಾಕ್ಕೋಬ್ಯಾಡ, ಬುಡು."

ಇವರು ಎದ್ದು ಒಳಗೆ ಹೋದರು. ಬಚ್ಚಲಲ್ಲಿ ತುಂಬ ಹೊತ್ತು ನೀರಿನ ಸದ್ದು. ಗೌರಮ್ಮಕ್ಕ ನನ್ನ ಮುಖ ನೋಡಿದರು. ಬುಡು ಅಂದ ಮಾತ್ರಕ್ಕೆ ಹೋಗುವಂಥದ್ದಲ್ಲ.

ಇವರು ಎಣ್ಣೆ ಬಾಟಲಿ ಹಿಡಿದು ಬಂದರು. ಕಣ್ಣು ಕೆಂಪಗಿತ್ತು. ಆಕೆಯ ಕಡೆ ನೋಡದೆ ನನ್ನೆದುರು ಕೂತು ಕೈ ಚಾಚಿದರು.

"ಕೊಡೇ ಭಾನು."

ಕೊಟ್ಟೆ. ಎಳೆದರು. ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಇವರು ಬಿಡಲಿಲ್ಲ. ನಾನೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.