ಕಾಂಡ್ಲಾ ಕಾಡಿಗೆ ಹಾಕಿದ ಸರಪಳಿ

ಜೂನ್ 9
ಮತ್ತೆ ಏಡಿಗಳು. ಉಪ್ಪುನೀರಿನ ದಡದಲ್ಲಿ ನೆಟ್ಟ ಕಾಂಡ್ಲಾ ಸಸಿಗಳ ಎಳೆ ಎಲೆಗಳನ್ನೆಲ್ಲ ತಿಂದಿವೆ. ಉಳಿದವಕ್ಕೆ ಬಿದಿರಿನ ತುಂಡು ತೊಡಿಸಿದೆ. ಸೊಂಟದವರೆಗೆ ಕೆಸರು. ದೋಣಿ ಒಳಬಾರದಂತೆ ಹಿನ್ನೀರಿನ ಬಾಯಿಗೆ ಹಾಕಿದ ಸರಪಳಿ ಭದ್ರವಾಗಿದೆ, ಕೀಲಿ ನನ್ನ ಕೊರಳಲ್ಲಿದೆ. ಊರ ಸಮಿತಿ ಕೊಟ್ಟದ್ದು — ಕಾಡು ಉಳಿಸಿ ಎಂದು ಗಲಾಟೆ ಮಾಡಿದವಳೇ ಕಾಯಲಿ ಎಂದು.

ಬಿರುಗಾಳಿ ಎಂದರೆ ಸಾಕು, ದೋಣಿಗಳೆಲ್ಲ ಇಲ್ಲಿಗೆ ನುಗ್ಗಿ ಬೇರುಗಳಿಗೆ ಹಗ್ಗ ಬಿಗಿಯುವುದು ನಮ್ಮ ದ್ವೀಪದ ರೂಢಿ. ಹೋದ ವರ್ಷ ಮೂರು ಸಲ ನುಗ್ಗಿದವು. ಗಾಳಿ ಒಮ್ಮೆಯೂ ಬರಲಿಲ್ಲ. ಸಸಿಗಳು ಸತ್ತವು, ನೀರ ಮೇಲೆ ಡೀಸೆಲ್ ಉಳಿಯಿತು. ನಾನು ಹಂಚಿದ ಕರಪತ್ರದಲ್ಲಿ ಸ್ಪಷ್ಟವಾಗಿದೆ: ಕಾಂಡ್ಲಾ ಹೋದರೆ ಮೀನಿಲ್ಲ, ದಡವಿಲ್ಲ, ಊರಿಲ್ಲ.

ಜೂನ್ 21
ಗಾರ್ನೆಟ್ ಮಾವ ಬಂದಿದ್ದ — ಅಮ್ಮನ ತಮ್ಮ, 'ಪೇಶನ್ಸ್' ದೋಣಿಯವನು. ತಿನ್ನಲು ಸುಟ್ಟ ಜೀಗುಜ್ಜೆ ಕಾಯಿ ತಂದಿದ್ದ. ಗಾಳಿ ಬಂದ ದಿನ ಸರಪಳಿ ತೆಗೆಯುತ್ತೀಯಾ ಎಂದು ಕೇಳಿದ. ಖಂಡಿತ ಬರುತ್ತದೆಂದು ರೇಡಿಯೊ ಹೇಳಿದರೆ ತೆಗೆಯುವೆ ಎಂದೆ. ಕಡಲು ಏರುವುದು, ದಡ ಕರಗುವುದು, ನಮ್ಮ ಮಕ್ಕಳ ಕಾಲ... ಎಲ್ಲ ಹೇಳಿದೆ.

"ಐವತ್ತು ವರ್ಷದ್ದು ಹೇಳ್ತೀಯಲ್ಲ ಮಾರಾಯ್ತಿ, ಬರೋ ಭಾನುವಾರದ್ದು ಹೇಳು ನೋಡೋಣ."

ಜೊತೆಗೆ ಬಂದಿದ್ದ ಅವನ ಹೆಂಡತಿ ವರ್ನಾ ಅತ್ತೆಯದು ಬೇರೆಯೇ ಚಿಂತೆ. ಕೀಲಿ ಕೊರಳಿಗೆ ಕಟ್ಟಿಕೊಂಡವಳನ್ನು ಯಾವ ಗಂಡು ನೋಡುತ್ತಾನೆ ಎಂದಳು. ಇಬ್ಬರೂ ನಕ್ಕರು. ನಾನು ನಗಲಿಲ್ಲ.

ಜೂನ್ 29, ಬೆಳಿಗ್ಗೆ 6
ರೇಡಿಯೊ: ಗಾಳಿ ಬಡಗಣಕ್ಕೆ ಸರಿಯುತ್ತಿದೆ. ನಮ್ಮಿಂದ ದೂರ. ಬದಲಾಗಲೂಬಹುದು ಎಂದಿತು — ಪ್ರತಿ ಸಲವೂ ಅನ್ನುತ್ತದೆ.

ಸರಪಳಿಯಾಚೆ ದೋಣಿಗಳ ಸಾಲು. ತೆಗೆಯಲಿಲ್ಲ. ಬೈದರು. ಮಾವ ಬೈಯಲಿಲ್ಲ. ತೆರೆದ ನೀರಿನಲ್ಲಿ ದೋಣಿ ಬಿಡಲಾರೆ, ತೆಂಕಣ ದ್ವೀಪದ ಬಂದರಿಗೆ ಒಯ್ಯುತ್ತೇನೆ ಎಂದ.

"ಅತ್ತೆಗೆ ಹೇಳು, ಊಟಕ್ಕೆ ಕಾಯೋದು ಬೇಡ ಅಂತ."

ಅದೇ ದಿನ, ಮಧ್ಯಾಹ್ನ
ಗಾಳಿ ತಿರುಗಿದೆ. ನೇರ ನಮ್ಮ ಮೇಲೆ. ತೆಂಕಣ ದ್ವೀಪದ ಮೇಲೂ.

ಸರಪಳಿ ತೆಗೆದೆ. ದೋಣಿಗಳು ನನ್ನ ಸಸಿಗಳ ಮೇಲೇ ಹಾದು ಬಂದವು. ನಾನೇ ಹಗ್ಗ ಹಿಡಿದು ಬೇರುಗಳಿಗೆ ಬಿಗಿದೆ. 'ಪೇಶನ್ಸ್'ಗೆ ವೈರ್‌ಲೆಸ್‌ನಲ್ಲಿ ಕೂಗುತ್ತಲೇ ಇದ್ದಾರೆ. ಉತ್ತರವಿಲ್ಲ.

ಜುಲೈ 8
ಬೆಂಕಿ ಹಾಯ್ದಂತೆ ಗುಡ್ಡವೆಲ್ಲ ಕಂದು. ಎಲ್ಲೂ ಎಲೆಯಿಲ್ಲ. ಒಳಗೆ ಕಟ್ಟಿದ ದೋಣಿಗಳು ಉಳಿದವು. ಸಸಿ ಒಂದೂ ಇಲ್ಲ — ದೋಣಿ ಹಾಯದಿದ್ದರೂ ಉಳಿಯುತ್ತಿರಲಿಲ್ಲ. ದಡದಲ್ಲಿ ಕಾಂಡ್ಲಾ ಮರೆಯಿದ್ದ ಮನೆಗಳಷ್ಟೇ ನಿಂತಿವೆ. ನಾನು ಹೇಳಿದ್ದೇ ಆಯಿತು. ಯಾರಿಗೆ ಹೇಳಲಿ?

ಮಾವ ತೆಂಕಣ ದ್ವೀಪದ ಬಂದರು ಮುಟ್ಟಲೇ ಇಲ್ಲವಂತೆ.

ಜುಲೈ 30
ಸಾಗರದಾಚೆ ಆಫ್ರಿಕಾದ ಕಡೆ ಇನ್ನೊಂದು ಬಿರುಗಾಳಿ ಎದ್ದಿದೆ. ಬೆಳಿಗ್ಗೆಯೇ ದೋಣಿಗಳು ಬಂದವು. ಹಳೆಯ ಕಾಂಡ್ಲಾ ಮರಗಳನ್ನು ನೋಡಿದೆ — ಕೊಂಬೆಗಳ ತುದಿಯಲ್ಲಿ ಈಗಷ್ಟೇ ಹಸಿರು. ಇನ್ನೊಮ್ಮೆ ಬೇರಿಗೆ ಹಗ್ಗ ಬಿಗಿದರೆ ಸಾಯುತ್ತವೆ. ಇವು ಸತ್ತರೆ ಮುಂದಿನ ಗಾಳಿಗೆ ಮರೆಯೇ ಇಲ್ಲ. ಸರಪಳಿ ಕೆಸರಿನಲ್ಲಿ ಬಿದ್ದಿದೆ, ತಡೆಯುವವರಿಲ್ಲ. ಆದರೂ ವರ್ನಾ ಅತ್ತೆ ದಡದಲ್ಲಿ ನಿಂತು ಎಲ್ಲರನ್ನೂ ನಿಲ್ಲಿಸಿದಳು.

"ಇವಳನ್ನೇ ಕೇಳೋಣ. ಹೇಳಮ್ಮ, ಈ ಸಲ ಬರುತ್ತಾ, ಬರಲ್ವಾ?"

ಅಣಕವಿರಲಿಲ್ಲ ದನಿಯಲ್ಲಿ. ನಿಜವಾಗಿಯೂ ಕೇಳುತ್ತಿದ್ದಳು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು —