ಡಾಕ್ಟರನ್ನು ಕೇಳದೆ ಬಂದದ್ದು

೧೮ ಫೆಬ್ರವರಿ, ಮಂಗಳವಾರ. ಮಾಳಮಡ್ಡಿ.

ಇವತ್ತು ಎಡಿತ್‌ಗೆ ಗೊತ್ತಾಗಿಹೋಯಿತು. ವಿಕಿರಣ ಚಿಕಿತ್ಸೆ ಶುರುವಾದಾಗಿನಿಂದ ಬಚ್ಚಲಲ್ಲಿ ನಳ ಜೋರಾಗಿ ಬಿಟ್ಟುಕೊಂಡು ವಾಂತಿ ಮಾಡುತ್ತಿದ್ದೆ. ಡಾಕ್ಟರಿಗೆ ತಿಳಿದರೆ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆ, ಹೊಟ್ಟೆಯ ಗಂಟು ಹಾಗೇ ಬೆಳೆಯುತ್ತದೆ ಎಂಬ ಹೆದರಿಕೆ. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೇ ನಿಂತಿದ್ದಳು.

"ಇಷ್ಟು ವರ್ಷ ನಿಮ್ಮ ಜೋಡಿ ಸಂಸಾರ ಮಾಡೇನಿ. ನಳಾ ಬಿಟ್ಟರ ನನಗ ಕೇಳ್ಸೂದಿಲ್ಲ ಅನ್ಕೊಂಡೀರೇನು?"

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳೇ ಡಾಕ್ಟರಿಗೆ ಹೇಳಿದಳು. ಅವರು ಬೈಯಲಿಲ್ಲ. "ಕಿರಣ ಹೊಟ್ಟಿ ಮ್ಯಾಲೆ ಬೀಳತಾವ್ರೀ, ವಾಕರಿಕಿ ಬರೂದ. ವಾಂತಿ ನಿಲ್ಲಸೂ ಗುಳಿಗಿ ವಾಂತಿ ಆದ ಮ್ಯಾಲೆ ನುಂಗಿದ್ರ ಏನು ಉಪಯೋಗ? ಇಲ್ಲಿಗೆ ಬರೂಕಿಂತ ತಾಸು ಮೊದಲ ತಗೋರಿ. ಸ್ವಲ್ಪ ಸ್ವಲ್ಪ ಉಣ್ರಿ. ಚಿಕಿತ್ಸಾ ನಿಲ್ಲಸೂದಿಲ್ಲ."

ರಾತ್ರಿ ಒಗ್ಗರಣೆಯ ವಾಸನೆ ಬೇಡವೆಂದು ತಣ್ಣನೆಯ ಮೊಸರನ್ನ ಕೊಟ್ಟಳು. ನಾಲ್ಕು ತುತ್ತು ಒಳಗೆ ನಿಂತಿವೆ. ಆದರೆ ಗಂಟು ಕರಗುತ್ತಿದೆಯೇ ಎಂದು ನಾವು ಡಾಕ್ಟರನ್ನು ಕೇಳಲೇ ಇಲ್ಲ. ಅವಳು ಕೇಳಲಿ ಎಂದು ನಾನು ಕಾದೆ. ನಾನೇ ಕೇಳಲಿ ಎಂದು ಅವಳೂ ಕಾದಿದ್ದಳೇನೋ. ನಮಸ್ಕಾರ ಹೇಳಿ ಲಗುಬಗೆಯಿಂದ ಹೊರಗೆ ಬಂದುಬಿಟ್ಟೆವು. ನಾಳೆ ಕೇಳಬೇಕು. ಕೇಳಿದ ಮೇಲೆ ಅವರು ಒಂದು ಕ್ಷಣ ಸುಮ್ಮನಾದರೆ...